ಆರು–ಸೊನ್ನೆ

…ಮತ್ತೆ ಆರು–ಸೊನ್ನೆ, ಭಾವ! ಕೂತ್ಕೊಳ್ಳಿ, ಕೂತ್ಕೊಳ್ಳಿ, ಏದುಸಿರು ಬರ್ತಿದೆ ನಿಮಗೆ. ನನ್ನನ್ನ ನೋಡಿ, ಸೋಫಾದಿಂದ ಎದ್ದೇ ಇಲ್ಲ! ಕಾಲ ಮೇಲೆ ಕಾಲು ಹಾಕ್ಕೊಂಡು ಈ ರಿಮೋಟನ್ನ ಚೂರು ಹೀಗೆ… ಟಕ್! ಟಿವಿಯಲ್ಲಿ ನನ್ನ ಗೊಂಬೆ ಹೊಡೆದೇ ಹೊಡೀತು. ಅದೇ ಈ ಟಿವಿ ಟೆನಿಸ್ ಆಟದ ಸೊಗಸು. ಬಿಸಿಲಿಲ್ಲ, ಓಟವಿಲ್ಲ, ಮುಖ್ಯವಾಗಿ ಚೆಂಡು ಹೆಕ್ಕೋದಿಲ್ಲ!

ಯಾಕೆ, ನಗು ಬರ್ಲಿಲ್ವಾ? "ಚೆಂಡು ಹೆಕ್ಕೋಕೆ ನಮ್ಮನೆ ಅಳಿಯ ಬಂದಿದಾನೆ" ಅಂತ ನನ್ನ ಮದುವೆಯ ಹೊಸತರಲ್ಲಿ ಕ್ಲಬ್ಬಿನವರೆದುರು ಅಂದವರು ನೀವೇ ತಾನೇ? ಎಲ್ಲರೂ ಬಿದ್ದು ಬಿದ್ದು ನಕ್ಕಿದ್ರು. ನಿಮ್ಮ ತಂಗಿಯೂ. ಮೂವತ್ತೆಂಟು ವರ್ಷ, ಪ್ರತಿ ಭಾನುವಾರ, ಬೇಲಿ ಪಕ್ಕ ಬಗ್ಗಿ ಬಗ್ಗಿ… ಹೋಗ್ಲಿ ಬಿಡಿ. ನಾನೇನೂ ಮನಸ್ಸಿನಲ್ಲಿ ಇಟ್ಕೊಂಡಿಲ್ಲ.

ಏನು, ತಲೆ ಆಡಿಸ್ತೀರಿ? ಈ ಚೆಂಡಿಗೆ ತೂಕವಿಲ್ಲ, ಕಾಲಿಗೆ ಕೆಲಸವಿಲ್ಲ, ಇದು ಆಟವೇ ಅಲ್ಲ ಅಂತಾನಾ? ಸೋತವರ ಮಾತು ಭಾವ, ಅದು! ನಿಮ್ಮ ಎಡಗೈ ಹೊಡೆತ ಅಂದ್ರೆ ಊರೇ ನಡುಗ್ತಿತ್ತು. ಈಗ? ಭುಜದ ಆಪರೇಷನ್ ಆಗಿ ನಾಲ್ಕು ತಿಂಗಳು. ಕೈ ಸರಿಹೋಗಿದೆ ಅಂತಾರೆ ಡಾಕ್ಟರು. ಅವರಿಗೇನು, ಹೊಲಿಗೆ ನೋಡಿ ಹೇಳ್ತಾರೆ. ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ ನೋಡಿ. ಮೂರು ವಾರದಲ್ಲಿ ಒಂದು, ಒಂದೇ ಒಂದು ಗೇಮ್ ಬಂತಾ ನಿಮಗೆ?

ನಾನು ಕಡಿಮೆ ಮಾಡಿದ್ನಾ ಹೇಳಿ. ನಿಮ್ಮ ಹೆಸರು, ನಿಮ್ಮ ಗೊಂಬೆ, ಎಲ್ಲ ನಾನೇ ಹಾಕಿಕೊಟ್ಟೆ. ಬೀಸೋವಾಗ ಬಿದ್ದು ಒಡೆದೀತು ಅಂತ ದಿನಾ ಕನ್ನಡಕ ತೆಗೆಸಿ ಜೇಬಲ್ಲಿ ಜೋಪಾನ ಮಾಡ್ದೆ.

ಸರಿ, ಈ ಕಾಗದ. "ಅನಾರೋಗ್ಯದ ನಿಮಿತ್ತ ತರಬೇತುದಾರನ ಹುದ್ದೆಯನ್ನು ತ್ಯಜಿಸುತ್ತಿದ್ದೇನೆ…" ಆಫೀಸಿನಲ್ಲಿ ಜೀವಮಾನವಿಡೀ ಇಂಥವನ್ನೇ ಬರೆದವನು ನಾನು, ಒಂದು ಕಾಮಾ ಆಚೀಚೆ ಇಲ್ಲ! ಐದಕ್ಕೆ ಕ್ಲಬ್ಬಿನ ಕಾರ್ಯದರ್ಶಿ ಬರ್ತಾರೆ, ಕೊಟ್ಟುಬಿಡೋಣ… ಅಯ್ಯೋ, ಅಳ್ತಿದೀರಾ? ನೀವು? ಛೆ ಛೆ! ಕಲಿಯೋ ಮಕ್ಕಳು ಬೆನ್ನ ಹಿಂದೆ ಕಿಸಕ್ಕನೆ ನಗೋ ಮೊದಲು ಮರ್ಯಾದೆಯಾಗಿ ಬಿಡೋದು ಒಳ್ಳೇದಲ್ವಾ? ಬೇಲಿ ಪಕ್ಕ ಜಾಗ ಇದೆ, ನನ್ನ ಜೊತೆ ನಿಂತ್ಕೊಳ್ಳಿ!

ಅಕ್ಷರ ಕಾಣಿಸ್ತಿಲ್ವಾ? ತಗೊಳ್ಳಿ ಕನ್ನಡಕ. ಇರಿ, ಒರೆಸಿಕೊಡ್ತೀನಿ… ಹಾಂ. ಪೆನ್ನು. ಇಲ್ಲಿ, ಕೆಳಗೆ. ಪರವಾಗಿಲ್ವೇ, ಎಡಗೈ ಸಹಿಗಾದ್ರೂ ಬರುತ್ತಲ್ಲ!

…ಯಾಕೆ ನಿಲ್ಲಿಸಿದ್ರಿ?

ಟಿವಿಯಲ್ಲೇನಿದೆ? ಆಟ ಮುಗೀತು. ನಿಮ್ಮ ಗೊಂಬೆ ತಲೆ ತಗ್ಗಿಸಿ ನಿಂತಿದೆ, ಅಷ್ಟೇ. ಅಷ್ಟು ಹತ್ತಿರ ಹೋಗ್ಬೇಡಿ, ಕಣ್ಣಿಗೆ ಒಳ್ಳೇದಲ್ಲ… ಭಾವ? ಅದರ ಕೈ ಯಾಕೆ ಮುಟ್ಟಿ ನೋಡ್ತಿದೀರಿ?

ಅದು… ಶುರುವಿನಲ್ಲಿ ಕೇಳುತ್ತೆ, ಬ್ಯಾಟು ಯಾವ ಕೈಯಲ್ಲಿ ಅಂತ. ಎಲ್ಲರಿಗೂ ಬಲಗೈಯೇ ಅಲ್ವಾ, ಅಭ್ಯಾಸಬಲ, ಕೈತಪ್ಪಿ ಒತ್ತಿಬಿಟ್ಟೆ… ನೀವು ಎಡಗೈಯಲ್ಲಿ ಬೀಸಿದ್ರೆ ಅದು ಉಲ್ಟಾ ಹೊಡೆಯುತ್ತೆ, ಗೊತ್ತಿತ್ತು… ಆಮೇಲೆ ಬದಲಾಯಿಸೋಣ ಅಂತಿದ್ದೆ… ಮೂರು ವಾರ… ಭಾವ, ಬೈದುಬಿಡಿ!

ಅಯ್ಯೋ, ಕಾಗದ! ಹಾಗೆ ಉಂಡೆ ಮಾಡಿದ್ರೆ… ಎಸೆದೇಬಿಟ್ರಾ? ಬಾಗಿಲವರೆಗೆ! ಆ ಎಡಗೈಯಿಂದ!

ಗಂಟೆ ಬಾರಿಸ್ತಿದಾರೆ, ಕಾರ್ಯದರ್ಶಿ ಇರ್ಬೇಕು. ಅವರ ಎದುರಿಗೆ ಬೇಡ ಭಾವ, ದಮ್ಮಯ್ಯ… ಬೆರಳು ಯಾಕೆ ನೆಲದ ಕಡೆ ತೋರಿಸ್ತೀರಿ?

…ಹೆಕ್ತೀನಿ. ಹೆಕ್ತೀನಿ, ಭಾವ.