ಗಂಡನ ಹೆಸರಿನ ಪಾಳಿ

ರಾಣೆಬೆನ್ನೂರಿನ ದವಾಖಾನೆಯಲ್ಲಿ ಪಾಳಿ ಹಚ್ಚಿ ಕೂತೂ ಕೂತೂ ಸುಚಿತ್ರಾಳ ಸೊಂಟ ಹಿಡಕೊಂಡಿತ್ತು. ಪಕ್ಕದ ಬೆಂಚಿನಲ್ಲಿ ಬ್ಯಾಡಗಿ ಕಡೆಯ ಅಜ್ಜ, ಅಜ್ಜಿ. ಹೊತ್ತು ಹೋಗಬೇಕಲ್ಲ, ಕಿವಿ ಅತ್ತ ಕೊಟ್ಟಳು.

“ಇಲ್ಲಿಗೆ ಯಾಕ ಬಂದೇವಿ?” ಅಜ್ಜ ಕೇಳಿದ.

“ನನಗ ಮರವು ಜಾಸ್ತಿ ಆಗೇತ್ರಿ. ಡಾಕ್ಟರಿಗೆ ತೋರಿಸಾಕ.”

“ಹೌದೌದು! ಮೆಣಸಿನಕಾಯಿ ತೊಟ್ಟು ಬಿಡಿಸಿ, ತೊಟ್ಟೆಲ್ಲಾ ಡಬ್ಬ್ಯಾಗ ತುಂಬಿ, ಕಾಯಿ ತಿಪ್ಪಿಗೆ ಚೆಲ್ಲಿ ಬಂದಾಕಿ ನೀ!”

“ಹೌದ್ರಿ, ನಾನ ಚೆಲ್ಲೇನಿ.”

“ಅಂಥಾ ಕೆಂಪನ ಕಾಯಿ! ಓಣಿ ಮಂದಿ ಏನಂದ್ರು?”

“ಎಲ್ಲಾರೂ ನಕ್ರು. ನಾನೂ ನಕ್ಕೆ.”

“ಹೆದರಬ್ಯಾಡ. ನಾ ಅದೀನಿ.”

ಸುಚಿತ್ರಾ ಬಾಯಿಗೆ ಸೆರಗು ಹಿಡಿದು ನಗು ತಡೆದಳು. ಅಜ್ಜ ತುಸು ಹೊತ್ತು ತಿರುಗುವ ಫ್ಯಾನು ನೋಡಿದ.

“ಇಲ್ಲಿಗೆ ಯಾಕ ಬಂದೇವಿ?”

“ನನಗ ಮರವು ಜಾಸ್ತಿ ಆಗೇತ್ರಿ,” ಅಜ್ಜಿ ಹೊಸದಾಗಿ ಹೇಳುವವಳಂತೆ ಹೇಳಿದಳು.

“ಹೆದರಬ್ಯಾಡ. ನಾ ಅದೀನಿ.”

ಸುಚಿತ್ರಾಳ ಸೆರಗು ಬಾಯಿಂದ ತಾನೇ ಕೆಳಗಿಳಿಯಿತು.

“ಪ್ರಭುಲಿಂಗಪ್ಪ!” ನರ್ಸ್ ಕೂಗಿದಳು.

“ನನ್ನ ಹೆಸರ್ಯಾಕ ಕೂಗ್ತಾಳ? ಬ್ಯಾನಿ ನಿಂದಲ್ಲ?”

“ಹೆಣ್ಣುಮಕ್ಕಳ ಪಾಳಿ ಗಂಡನ ಹೆಸರಿನಾಗ ಹಚ್ಚೋದ್ರಿ.”

“ಅದೂ ಖರೇನ.” ಅಜ್ಜ ಎದ್ದು, ಧೋತರ ಸರಿಮಾಡಿಕೊಂಡು, ನೇರ ಹೊರಬಾಗಿಲ ಕಡೆಗೆ ಹೊರಟ.

“ನನ್ನ ಕೈ ಹಿಡಕೋರಿ,” ಅಜ್ಜಿ ಲಗೂನ ಎದ್ದಳು. “ಇಲ್ಲಾಂದ್ರ ನಾ ದಾರಿ ತಪ್ಪತೇನಿ.”

“ಹಂಗಾರ ಕೈ ಬಿಡಬ್ಯಾಡ ಮತ್ತ,” ಅಂದ ಅಜ್ಜ, ಆಕೆ ತಿರುಗಿಸಿದ ಕಡೆಗೆ ಗತ್ತಿನಿಂದ ನಡೆದ.