ಖಾಲಿ ಕೋಣೆಯ ಒಂದು ನಿಮಿಷ

ನಗುವವರು ಈಗಲೇ ನಕ್ಕು ಮುಗಿಸಿ. ಮಧ್ಯದಲ್ಲಿ ಕಿಸಕ್ ಅಂದರೆ ನಾನು ಎದ್ದು ಹೋಗುತ್ತೇನೆ, ಹೇಳಿದ್ದೇನೆ. ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಸಿನಿಮಾ, ಸೀರಿಯಲ್ಲುಗಳಿಗೆ ಸೌಂಡ್ ರೆಕಾರ್ಡ್ ಮಾಡುವುದು ಅವನ ಕೆಲಸ. ಹೊತ್ತುಗೊತ್ತಿಲ್ಲದೆ ಹೆಡ್‌ಫೋನ್ ಏರಿಸಿಕೊಂಡಿರುತ್ತಾನೆ ಅಂತ ನಾವೆಲ್ಲ ಕಿವಿಯಣ್ಣ ಅಂತಲೇ ಕರೆಯುವುದು.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಶೂಟಿಂಗ್ ಮುಗಿಸಿ ಒಬ್ಬನೇ ನಡೆದು ಬರುತ್ತಿದ್ದ. ದಾರಿಯಲ್ಲಿ ಒಂದು ಹಾಳು ಬಾವಿ, ಮೇಲೆ ತಗಡು ಮುಚ್ಚಿದ್ದಾರೆ. ಗಾಳಿಗೆ ತಗಡು ಕಿರ್ರ್... ಕಿರ್ರ್... ಅನ್ನುತ್ತಿತ್ತು. ಇವನ ಕಿವಿಯಲ್ಲಿ ಆ ದಿನದ ರೆಕಾರ್ಡಿಂಗ್ ಓಡುತ್ತಿತ್ತು. ಮಾತಲ್ಲ... ಬರೀ ಖಾಲಿ ಕೋಣೆ. ಇವರಲ್ಲಿ ಒಂದು ಪದ್ಧತಿ ಇದೆ. ಒಂದು ಕೋಣೆಯ ಕೆಲಸ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಅಲ್ಲಾಡದೆ ನಿಲ್ಲಬೇಕು. ಆ ಕೋಣೆ ಸುಮ್ಮನಿದ್ದಾಗ ಹೇಗೆ ಕೇಳಿಸುತ್ತದೋ ಅದನ್ನು ಹಿಡಿದಿಡುತ್ತಾರೆ. ಆಮೇಲೆ ಮಾತುಗಳ ಕೆಳಗೆ ಹಾಸುವುದಕ್ಕೆ ಬೇಕಂತೆ.

ನಲವತ್ತನೇ ಸೆಕೆಂಡಿಗೆ... ಠಪ್... ಠಪ್... ಅಂಗೈಯಿಂದ ಮರ ಬಡಿದ ಸದ್ದು. ಆಮೇಲೆ ಹೆಂಗಸಿನ ದನಿ.

"ಎದೆ ನೋಯ್ತಾ ಇದೆ... ಶಾಟ್ ಸಾಕು... ಬಾಗಿಲು ತೆಗೀರಿ."

ಹೆಡ್‌ಫೋನ್ ಕಿತ್ತ. ಕಿರ್ರ್... ತಗಡು ಅಷ್ಟೇ. ಮತ್ತೆ ಹಾಕಿಕೊಂಡು ಹಿಂದಕ್ಕೆ ಓಡಿಸಿದ. ಅದೇ ಮಾತು.

ಯಾವ ಕೋಣೆ ಅಂತ ತಾನೇ? ಹೇಳುತ್ತೇನೆ, ಮನೆಗೆ ಬೆಂಕಿ ಬಿದ್ದವರ ಹಾಗೆ ಆಡಬೇಡಿ. ಅವತ್ತು ಇವರ ಶೂಟಿಂಗ್ ನಡೆದದ್ದು ಒಂದು ಹಳೇ ಮನೆಯಲ್ಲಿ. ನಲವತ್ತು ವರ್ಷದ ಹಿಂದೆ ಅದೇ ಮನೆಯ ಅದೇ ಕೋಣೆಯಲ್ಲಿ ಒಂದು ಸಿನಿಮಾ ತೆಗೆದಿದ್ದರು. ಯಾವನೋ ಒಬ್ಬ ಮನೆಗೆ ನುಗ್ಗಿ, ನಾನೇ ನಿನ್ನ ಗಂಡ ಅಂತ ನಂಬಿಸಿ, ಒಬ್ಬ ಹೆಂಗಸಿನ ತಲೆ ಕೆಡಿಸುವ ಕತೆ. ಕೊನೆಗೆ ಆಕೆಯನ್ನು ಗೋಡೆಬೀರುವಿನಲ್ಲಿ ಕೂಡಿಹಾಕುತ್ತಾನೆ. ಆಳೆತ್ತರದ ಬೀರು, ದಪ್ಪ ಮರದ ಬಾಗಿಲು, ಅದರಲ್ಲಿ ಮುಖದಷ್ಟಗಲ ಗಾಜು. ಗಾಜಿನ ಹಿಂದೆ ನಾಯಕಿ ಕಿರುಚುವ ಶಾಟನ್ನು ಹೊಗಳದವರಿಲ್ಲ. ಹೊಗಳಿದವರಿಗೇನು ಗೊತ್ತು, ಮಣ್ಣು! ನಿಜವಾದ ಭಯ ಬೇಕು ಅಂತ ಡೈರೆಕ್ಟರು ನಿಜವಾಗಿಯೇ ಹೊರಗಿನಿಂದ ಚಿಲಕ ಹಾಕಿಸಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕ್ಯಾಮೆರಾದ ಗರ್ರ್ ಸದ್ದಿನಲ್ಲಿ ಆಕೆ ಏನು ಕೂಗಿದಳೋ ಒಬ್ಬರಿಗೂ ಕೇಳಿಸಲಿಲ್ಲ. ಬಾಗಿಲು ತೆಗೆದಾಗ ಉಸಿರು ನಿಂತಿತ್ತು. ಜ್ವರದಲ್ಲಿ ಹೋದಳು ಅಂತ ಪೇಪರಿನಲ್ಲಿ ಬಂತು. ಆಗೆಲ್ಲ ಮಾತು ಆಮೇಲೆ ಡಬ್ ಮಾಡುತ್ತಿದ್ದರಲ್ಲ? ಬೇರೆ ಯಾರಿಂದಲೋ "ನಾನು ನಿನ್ನ ಹೆಂಡತಿ ಅಲ್ಲ" ಅಂತ ಹೇಳಿಸಿ ಅಂಟಿಸಿದರು. ಸಿನಿಮಾದವರಿಗೆಲ್ಲ ಈ ವಿಷಯ ಗೊತ್ತು. ಬಾಯಿ ಬಿಟ್ಟವರು ಯಾರೂ ಇಲ್ಲ.

ಕಿವಿಯಣ್ಣ ಮನೆಗೆ ಬಂದವನೇ ಟೀವಿಯಲ್ಲಿ ಆ ಹಳೇ ಸಿನಿಮಾ ಹಾಕಿದ. ದನಿ ಪೂರ್ತಿ ಆರಿಸಿದ. ಗಾಜಿನ ಶಾಟಿಗೆ ಸರಿಯಾಗಿ ತನ್ನ ರೆಕಾರ್ಡಿಂಗ್ ಬಿಟ್ಟ.

ತುಟಿಗೆ ಮಾತು ಕೂಡಿತು. ಒಂದಕ್ಷರ ಆಚೀಚೆ ಇಲ್ಲ.

ಈಗ ಆ ಸಿನಿಮಾವನ್ನೇ ಎಳೆದು ಎಂಟು ಕಂತಿನ ಸೀರಿಯಲ್ ಮಾಡುತ್ತಿದ್ದವನು ಯಾರು ಗೊತ್ತಾ? ಆ ಡೈರೆಕ್ಟರನ ಮಗ, ಮರಿ ಡೈರೆಕ್ಟರು. ಅದೇ ಮನೆ, ಅದೇ ಬೀರು. ಬೀರುವಿನೊಳಗೆ ಹೋಗಬೇಕಾಗಿದ್ದ ನಾಯಕಿ ಕಿವಿಯಣ್ಣನ ಸ್ವಂತ ತಂಗಿ, ನಮ್ಮ ಪುಟ್ಟಿ. ಆ ಶಾಟು ಮಾರನೇ ದಿನ ಬೆಳಗ್ಗೆಯೇ ಇತ್ತು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಕಿವಿಯಣ್ಣ ಮರಿ ಡೈರೆಕ್ಟರಿಗೆ ರೆಕಾರ್ಡಿಂಗ್ ಕೇಳಿಸಿದ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಏನಂದ ಗೊತ್ತಾ?

"ಸಖತ್ತಾಗಿದೆ ಕಣೋ. ಇದನ್ನೂ ಇಟ್ಕೋ, ಮ್ಯೂಸಿಕ್ ಜೊತೆ ಬಳಸೋಣ."

ಬೀಜದಂತೆ ವೃಕ್ಷ! ಕೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಈಗಲೂ ಉರಿಯುತ್ತದೆ.

ಕಿವಿಯಣ್ಣ ಬೀರುವಿಗೆ ಬೆನ್ನು ಕೊಟ್ಟು ನಿಂತ.

"ನನ್ ತಂಗಿ ಒಳಗೆ ಹೋಗಲ್ಲ."

"ಅಣ್ಣಾ, ಜರುಗು," ಪುಟ್ಟಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಹತ್ತು ವರ್ಷ ಕಂಡೋರ ಸೀರಿಯಲ್ಲಲ್ಲಿ ಹೆಣ ಆಗಿ ಮಲಗಿದೀನಿ. ಇವತ್ತು ಬಾಯಿ ಬಿಡೋ ಪಾತ್ರ ಸಿಕ್ಕಿದೆ. ಹಾಳು ಮಾಡ್ಬೇಡ."

"ಪುಟ್ಟೀ... ನಾನು ಕೇಳಿಸ್ಕೊಂಡಿದೀನಿ ಕಣೇ."

"ನಾನು ಕೇಳಿಸ್ಕೊಂಡಿಲ್ಲ. ಜರುಗು."

ಮರಿ ಡೈರೆಕ್ಟರಿಗೆ ರೇಗಿತು. "ಅಣ್ಣ ತಂಗಿ ನಾಟಕ ಮನೇಲಿಟ್ಕೊಳ್ಳಿ. ಭಯ ಅಂದ್ರೆ ಹೇಗಿರ್ಬೇಕು ಅಂತ ನಾನೇ ತೋರಿಸ್ತೀನಿ, ನೋಡಿ ಕಲಿ. ಕ್ಯಾಮೆರಾ ಓಡಿಸಿ. ಹೊರಗಿಂದ ಚಿಲಕ ಹಾಕಿ. ನಾನು ಕಟ್ ಅನ್ನೋವರೆಗೂ ಯಾವನಾದ್ರೂ ಬಾಗಿಲು ಮುಟ್ಟಿದ್ರೆ, ನಾಳೆಯಿಂದ ಬರೋದೇ ಬೇಡ."

ಅಂದವನೇ ಕಿವಿಯಣ್ಣನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದ. ಚಿಲಕ ಬಿತ್ತು... ಟಕ್.

ಮೊದಲು ಗಾಜಿನ ಹಿಂದೆ ಸುಮ್ಮನೆ ನಿಂತಿದ್ದ. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದ. ಆ ಬೀರುವಿನಲ್ಲಿ ಪಕ್ಕಕ್ಕೆ ನೋಡುವಷ್ಟು ಜಾಗವೇ ಇಲ್ಲ ಅನ್ನುತ್ತಾನೆ ಕಿವಿಯಣ್ಣ. ತಟಕ್ಕನೆ ಮುಖ ಗಾಜಿಗೆ ಒತ್ತಿಕೊಂಡಿತು. ಬಾಯಿ ತೆರೆಯಿತು, ಮುಚ್ಚಿತು. ಎರಡೂ ಕೈಯಿಂದ ಗಾಜು ಬಡಿದ.

ಸದ್ದಿಲ್ಲ.

ಬಡಿತಕ್ಕೆ ಬಾಗಿಲು ಅದುರುತ್ತಿತ್ತು. ಆದರೂ ಸದ್ದಿಲ್ಲ. ಬೀರುವಿನೊಳಗೇ ಮೈಕು ಇತ್ತು. ತನ್ನ ಜಾಗಕ್ಕೆ ಹೋಗಿ ಕೂತಿದ್ದ ಕಿವಿಯಣ್ಣನ ಹೆಡ್‌ಫೋನಿನಲ್ಲಿ ಊಂ... ಅನ್ನುವ ಖಾಲಿ ಕೋಣೆ ಮಾತ್ರ. ಹಿಂದಿನಿಂದ ಯಾರೋ ಪಿಸುಗುಟ್ಟಿದರು, "ಅಬ್ಬಾ, ಅಪ್ಪನ್ನೇ ಮೀರಿಸಿದ."

ತುಟಿ ಓದುವುದಕ್ಕೆ ವಿದ್ಯೆ ಬೇಕಾಗಿರಲಿಲ್ಲ. ಕಟ್. ಕಟ್. ಕಟ್. ಅದೇ ಒಂದು ಮಾತು. ಆದರೆ ಕಟ್ ಕಿವಿಗೆ ಬೀಳದೆ ಯಾರೂ ಅಲ್ಲಾಡುವ ಹಾಗಿಲ್ಲ, ಅವನೇ ಹೇಳಿದ್ದಾನಲ್ಲ. ಒಂದು ನಿಮಿಷ... ಎರಡು... ಮೂರು...

ಕೊನೆಗೆ ಓಡಿಹೋಗಿ ಚಿಲಕ ಎಳೆದವಳು ಪುಟ್ಟಿ. ಅವನು ಮಕಾಡೆ ಹೊರಗೆ ಬಿದ್ದ. ಉಸಿರಿತ್ತು. ಆಸ್ಪತ್ರೆಗೆ ಸಾಗಿಸಿದರು.

ಗಾಡಿ ಹೋದ ಮೇಲೆ ಪುಟ್ಟಿ ಅಣ್ಣನ ಮುಂದೆ ಬಂದು ನಿಂತಳು.

"ಅವನು ನಟಿಸ್ತಿಲ್ಲ ಅಂತ ನಿಂಗೆ ಮೊದಲೇ ಗೊತ್ತಾಗಿತ್ತು ಅಲ್ವಾ?"

"ಹೂಂ."

"ಮತ್ತೆ ಯಾಕೆ ಕೂತಿದ್ದೆ?"

"ನೀನು ಹೊರಗಿದ್ದೆ. ನಂಗೆ ಅಷ್ಟು ಸಾಕಾಗಿತ್ತು."

ಪುಟ್ಟಿ ಅವನ ಜೊತೆ ಮಾತು ಬಿಟ್ಟು ಏಳು ತಿಂಗಳಾಯಿತು. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಮರಿ ಡೈರೆಕ್ಟರು ಈಗ ಹುಷಾರಾಗಿದ್ದಾನೆ. ಎದುರು ಕೂತರೆ ಚೆನ್ನಾಗಿಯೇ ಮಾತಾಡುತ್ತಾನೆ. ಆದರೆ ಯಾವ ಮೈಕೂ ಅವನ ದನಿ ಹಿಡಿಯುವುದಿಲ್ಲ. ಮೂರು ಫೋನ್ ಬದಲಾಯಿಸಿದ್ದಾನೆ. ನಾನೂ ನಂಬಿರಲಿಲ್ಲ. ಹೋದ ಭಾನುವಾರ ಹೋಗಿ ಅವನೆದುರಿಗೇ ಕೂತು ನನ್ನ ಫೋನಿಗೆ ಮಾಡಿಸಿದೆ. "ಹಲೋ, ಕೇಳಿಸ್ತಿದೆಯಾ?" ಅಂದ. ನನ್ನ ಬಲಗಿವಿಗೆ ಸ್ಪಷ್ಟವಾಗಿ ಕೇಳಿಸಿತು. ಫೋನ್ ಇದ್ದದ್ದು ಎಡಗಿವಿಯಲ್ಲಿ. ಅದರಲ್ಲಿ ಏನೂ ಇರಲಿಲ್ಲ.

ಅವನ ನಂಬರ್ ನನ್ನ ಹತ್ತಿರ ಇದೆ. ತಗೊಳ್ಳಿ, ಯಾರು ಮಾಡುತ್ತೀರಿ?