ಟಬ್ಬಿನೊಳಗಿನ ಭತ್ತ

ಕೊಪ್ಪದಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು. ಕಿರಿಯವಳ ಉಗುರಿಗೆ ಬಿಳಿ ಸಿಲಿಕೋನ್ ಅಂಟು ಮೆತ್ತಿಕೊಂಡಿತ್ತು.

"ಬಾತ್‌ಟಬ್ಬಿನ ಸಂದಿಗೆ ನೀನೇ ಮೆತ್ತುದ್ಯಾ, ರಂಜಿತ?"

"ಊಂ ಕಣಕ್ಕ. ಅಳೇದ್ನೆಲ್ಲ ಕೆರೆದು, ಒರೆಸಿ, ಒಸ್ದಾಗಿ ಮೆತ್ತಿವ್ನಿ. ಇನ್ನು ಒಂದು ತೊಟ್ಟೂ ಸೋರಕಿಲ್ಲ."

"ಭಾರ ಬಿದ್ರೆ ಸಂದಿ ಬಾಯಿ ಬುಡಕಿಲ್ವಾ?"

"ಅದುಕ್ಕೇ ಭಾರ ಏರ್ಬುಟ್ಟು ಆಮೇಲೆ ಮೆತ್ತುದ್ದು. ಅವತ್ತು ಕರೆಂಟಿಲ್ದೆ ಟಬ್ಬು ತುಂಬ್ಸಕೆ ನೀರಿರ್ನಿಲ್ಲ. ಅದ್ಕೆ ಭತ್ತದ ಮೂಟೆ ಅದ್ರೊಳಕ್ಕೆ ಇಳಿಸ್ದೆ."

"ಮೆತ್ತಿದ್ದು ಒಣಗ್ತಾ?"

"ನೆನ್ನೇನೇ ಒಣಗ್ತು. ಈಗ ನಮ್ ಮಾವ ಮೂಟೆ ಎತ್ತಕೆ ಬುಡಕಿಲ್ಲ. ಟಬ್ಬು ನುಣ್ಣಗದೆ, ಇಲಿ ಅತ್ತಕಿಲ್ಲ, ಅಲ್ಲೇ ಇರ್ಲಿ ಅಂತಾರೆ."

"ಅಯ್ಯೋ! ಏನ್ ಮಾಡ್ತೀಯೇ?"

ಮದ್ದೂರಿನ ಬಸ್ಸು ಬಂತು. ಸೆರಗು ಸಿಕ್ಕಿಸಿಕೊಂಡು ಹತ್ತುತ್ತಲೇ ರಂಜಿತ ಅಂದಳು:

"ಸಂಜೆ ನಲ್ಲಿ ತಿರುಗಿಸ್ತೀನಿ ಅಂತ ಮಾವಂಗೆ ಏಳಿವ್ನಿ. ಮೂಟೆ ಎತ್ತುದ್ರೆ ನಾನು ಮೀಯ್ತೀನಿ. ಎತ್ನಿಲ್ವಾ, ಭತ್ತ ಮೊಳೀಲಿ."